ಮೊದಲ ಅಧ್ಯಾಯ ಮಾತ್ರ

ಹೆಣ ಸಿಕ್ಕಿದ್ದು ಪುಸ್ತಕಗಳ ಕ್ವಾರಂಟೈನ್ ಕೋಣೆಯಲ್ಲಿ.

ಮಹಾಮಾರಿಯ ಆ ವರ್ಷ ಬೊಹೊಲ್ ದ್ವೀಪದ ತಗ್ಬಿಲಾರನ್ ಊರಿನಲ್ಲಿ ಮನುಷ್ಯರಿಗೆ ಹಾಸಿಗೆ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ, ಪಾರ್ಕಿಂಗಿನಲ್ಲಿ, ಕೊನೆಗೆ ಕೋಳಿ ಅಂಕದ ಅಖಾಡದಲ್ಲೂ ರೋಗಿಗಳನ್ನು ಮಲಗಿಸಿದ್ದರು. ಆದರೆ ಸಾಂತಾ ಲುಸೆನಾ ವಿಶ್ವವಿದ್ಯಾಲಯದ ಲೈಬ್ರರಿಗೆ ವಾಪಸ್ ಬಂದ ಪುಸ್ತಕಗಳಿಗೆ ರಾಜಭೋಗ. ಒಂದೊಂದಕ್ಕೂ ಬೇರೆ ಬೇರೆ ಜಾಗ. ಎರಡು ವಾರ ವಿಶ್ರಾಂತಿ. ಬೂಸ್ಟು ಹಿಡಿಯದಿರಲೆಂದು ಹಗಲಿರುಳೂ ಏಸಿ. ಪೆಂಗ್ವಿನ್ ಹಕ್ಕಿಯನ್ನು ಒಳಗೆ ಬಿಟ್ಟಿದ್ದರೆ ಅದೂ ಕಂಬಳಿ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಆ ಚಳಿಯಲ್ಲಿ, ಎರಡು ಕಪಾಟುಗಳ ನಡುವೆ, ಲೈಬ್ರರಿಯನ್ ಒಡೆಸ್ಸಾ ದಿಗಾಲ್ ಕೂತಿದ್ದಳು. ಮೂಗು ಮುಚ್ಚುವ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಎಲ್ಲ ನಿಯಮದಂತೆ. ಕುತ್ತಿಗೆಗೆ ಮಾತ್ರ ಅವಳದೇ ಐಡಿ ಕಾರ್ಡಿನ ನೀಲಿ ಪಟ್ಟಿ ಬಿಗಿದಿತ್ತು. ವರ್ಷವಿಡೀ ಕಾಯಿಲೆಗೆ ಕೈ ಕೊಟ್ಟವಳು ಕೊನೆಗೆ ಒಂದು ಗೇಣು ಪಟ್ಟಿಗೆ ಸಿಕ್ಕಿಬಿದ್ದಿದ್ದಳು.

ಅವಳನ್ನು ಮೊದಲು ಕಂಡವನು ಕಾವಲುಗಾರ ತಿಮೊತೆಯೊ. ಊರಿಗೆಲ್ಲ ಅವನು ನೋಂಗ್ ತಿಮೊ, ಎಲ್ಲರ ಅಣ್ಣ. ಅವನು ಕಿರುಚಿದ್ದು ಸಮುದ್ರ ದಾಟಿ ಸೆಬುವಿನ ಮೀನುಗಾರರಿಗೂ ಕೇಳಿಸಿತಂತೆ. ಪೊಲೀಸರು ಬಂದರು. ಕಿರುಚಿದವನನ್ನೇ ಹಿಡಿದರು.

ಎಲ್ಲರಿಗಿಂತ ಕೊನೆಗೆ ಬಂದವಳು ಸಾರ್ಜೆಂಟ್ ಕ್ಲಿಯೋಫೆ ಗಲೋನ್. ಬೊಹೊಲ್ ದ್ವೀಪದಲ್ಲಿ ಅವಳಂಥ ಮೂಗು ಇನ್ನೊಂದಿಲ್ಲ. ಮೂರು ಮಾಸ್ಕು ಹಾಕಿಕೊಂಡರೂ ಸುಳ್ಳಿನ ವಾಸನೆ ಹಿಡಿಯುತ್ತಿದ್ದಳು. ಒಮ್ಮೆ ಅವಳು ಸುಮ್ಮನೆ ಸೀನಿದ್ದಕ್ಕೇ ಇಬ್ಬರು ಕಳ್ಳರು ತಪ್ಪೊಪ್ಪಿಕೊಂಡಿದ್ದರು.

"ಯಾವಾಗ ಸತ್ತಿದ್ದಾಳೆ, ಸರ್?" ಎಂದು ಕೇಳಿದಳು.

ಠಾಣೆಯ ಮೇಲಧಿಕಾರಿ ಮೇಜರ್ ಎಸ್ಕುಯೆರಾ ಹೆಗಲು ಕುಣಿಸಿದ. "ಡಾಕ್ಟರು ಕೈ ಚೆಲ್ಲಿದಾರೆ. ಈ ಚಳೀಲಿ ನಿನ್ನೆ ಹೆಣಾನೋ ಮೊನ್ನೆ ಹೆಣಾನೋ ದೇವರಿಗೂ ಗೊತ್ತಾಗಲ್ಲ ಅಂತಾರೆ. ಆದ್ರೆ ದೇವರಿಗಿಂತ ದೊಡ್ಡದೊಂದು ಇದೆಯಲ್ಲ, ಫೇಸ್‌ಬುಕ್ಕು!"

ಫೋನನ್ನು ಅವಳ ಮುಂದೆ ಹಿಡಿದ. ಕಟ್ಟಡ ಮುಚ್ಚಿದ ಮೇಲೆ ಲೈಬ್ರರಿ ಎಂದರೆ ಅದರ ಪೇಜ್ ಅಷ್ಟೇ. ಮಕ್ಕಳು ಅಲ್ಲಿ ಮೆಸೇಜ್ ಹಾಕಿ ಪುಸ್ತಕ ಕೇಳುತ್ತಾರೆ, ಒಡೆಸ್ಸಾ ಹಾಳೆಗಳ ಫೋಟೋ ತೆಗೆದು ಕಳಿಸುತ್ತಾಳೆ. ಶನಿವಾರ ಬೆಳಿಗ್ಗೆಯೂ ಅವಳು ಹನ್ನೊಂದು ಮಕ್ಕಳಿಗೆ ಉತ್ತರ ಬರೆದಿದ್ದಳು.

"ಅಂದ್ರೆ ನಿನ್ನೆ ಬೆಳಗ್ಗೆ ಜೀವ ಇತ್ತು," ಎಂದ ಮೇಜರ್. "ನಿನ್ನೆ ಇಡೀ ದಿನ ಈ ಕಟ್ಟಡದಲ್ಲಿ ಇದ್ದೋನು ಈ ಮುದುಕ ಒಬ್ನೇ. ಬೀಗದ ಕೈ ಅವನ ಹತ್ರ. ದ್ವೇಷಾನೂ ಅವನ ಹತ್ರ. ಇನ್ನೇನು ಬೇಕು ನಿಂಗೆ, ತಾಂಬೂಲ ಇಟ್ಟು ಕರೀಬೇಕಾ?"

ದ್ವೇಷ ಊರಿಗೇ ಗೊತ್ತಿತ್ತು. ಮೂರು ವಾರದ ಹಿಂದೆ ಲೈಬ್ರರಿ ಪೇಜಿನಲ್ಲಿ ಬಣ್ಣದ ಚಿತ್ರವೊಂದು ಬಂದಿತ್ತು. 'ಕುದಿಯುವ ನೀರಿನ ಹಬೆ ತೆಗೆದುಕೊಳ್ಳಿ, ಸೋಂಕು ಮೂರೇ ದಿನದಲ್ಲಿ ಮಾಯ.' ಅರವತ್ತು ಸಾವಿರ ಜನ ಅದನ್ನು ಹಂಚಿಕೊಂಡರು. ವಿಶ್ವವಿದ್ಯಾಲಯವೇ ಹೇಳಿದ ಮೇಲೆ ಕೇಳಬೇಕೆ? ನೋಂಗ್ ತಿಮೊನ ಸೊಸೆಯೂ ಒಲೆ ಹಚ್ಚಿದಳು. ಆರು ವರ್ಷದ ಮೊಮ್ಮಗಳು ಕ್ಲೇರ್‌ಲಿನ್ ಹೊದಿಕೆಯೊಳಗೆ ಕೆಮ್ಮಿದಳು, ಕಾಲು ತಾಗಿತು, ಕುದಿಯುವ ಪಾತ್ರೆ ಮಡಿಲಿಗೇ ಮಗುಚಿತು. ಮಗು ಉಳಿಯಲಿಲ್ಲ. ಅದಕ್ಕೆ ಸೋಂಕೇ ಇರಲಿಲ್ಲ. ಬರೀ ನೆಗಡಿ.

ಚಿತ್ರದ ಕೆಳಗೆ ನೋಂಗ್ ತಿಮೊ ಬರೆದಿದ್ದ: 'ಇದನ್ನು ಹಾಕಿದ ಕೈ ಮುರಿಯಲಿ. ದೇವರು ಮುರಿಯದಿದ್ದರೆ ನಾನೇ ಮುರಿಯುತ್ತೇನೆ.'

"ಪಾಪದ ಮನುಷ್ಯ," ಎಂಬ ಮೆತ್ತನೆಯ ದನಿ ಬಾಗಿಲಿಂದ ಬಂತು. ಲೈಬ್ರರಿಯ ನಿರ್ದೇಶಕ ಡಾ. ವಿರ್ಹಿಲಿಯೊ ಪಾಲ್ಮೆರೋಲಾ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾಸ್ಕು; ಕಣ್ಣೀರಿಗೂ ಇಸ್ತ್ರಿ ಹಾಕಿದ್ದನೋ ಏನೋ, ಒಂದು ಹನಿಯೂ ಸುಕ್ಕಾಗಿರಲಿಲ್ಲ. "ದುಃಖ ಮನುಷ್ಯನನ್ನ ಮೃಗ ಮಾಡುತ್ತೆ, ಸಾರ್ಜೆಂಟ್. ಶುಕ್ರವಾರ ಸಂಜೆ ನಾನೂ ಒಡೆಸ್ಸಾನೂ ಇಬ್ಬರೇ ಇಲ್ಲಿ ಲೈವ್‌ಗೆ ದೀಪ ಎಲ್ಲ ಎತ್ತಿಟ್ವಿ. ನಾನು ಹೊರಟಾಗ ಕೈ ಬೀಸಿದ್ಲು. ವಾರದ ಕೊನೆಗೆ ಇಲ್ಲೇ ಮಲಗೋಳು, ಇಲ್ಲಿ ವೈಫೈ ಚೆನ್ನಾಗಿದೆ ಅಂತ."

"ಶನಿವಾರ ನೀವೆಲ್ಲಿದ್ರಿ, ಸರ್?"

"ಬೆಳಗ್ಗೆಯಿಂದ ಕುಲಪತಿಗಳ ಮನೇಲಿ. ಲ್ಯಾಪ್‌ಟಾಪ್ ಇಟ್ಕೊಂಡು ಭಾಷಣ ತಯಾರು ಮಾಡಿದೆ. ಮಧ್ಯಾಹ್ನ ಅಲ್ಲಿಂದಲೇ ಲೈವ್. ಆಮೇಲೆ ಊಟ, ಬಿಷಪ್ಪರೂ ಇದ್ರು. ಕರ್ಫ್ಯೂ ಅಂತ ಅಲ್ಲೇ ಮಲಗಿದೆ."

"ಲೈವ್ ಯಾವುದರ ಮೇಲೆ?"

"ಆರೋಗ್ಯದ ಸುಳ್ಳು ಸುದ್ದಿಗಳನ್ನ ಗುರುತಿಸೋದು ಹೇಗೆ ಅಂತ."

ಕ್ಲಿಯೋಫೆ ಮಾಸ್ಕಿನೊಳಗೆ ತುಟಿ ಕಚ್ಚಿದಳು. "ಪೇಜ್ ಯಾರ್ ಯಾರ ಕೈಯಲ್ಲಿದೆ?"

"ನಾವಿಬ್ಬರೇ. ನಾನು ಮೇಲಿನ ಪೋಸ್ಟ್ ನೋಡ್ಕೋತೀನಿ. ಮಕ್ಕಳ ಮೆಸೇಜ್ ಕಡೆ ತಲೆನೂ ಹಾಕಲ್ಲ, ಅದು ಅವಳ ರಾಜ್ಯ."

ಮೇಜರ್ ಕೈ ಗಡಿಯಾರ ನೋಡಿಕೊಂಡ. "ನಾಳೆ ಸಂಜೆ ವ್ಯಾನಲ್ಲಿ ಮುದುಕನ್ನ ಜಿಲ್ಲಾ ಜೈಲಿಗೆ ಸಾಗಿಸ್ತೀನಿ. ಅಷ್ಟರಲ್ಲಿ ಏನಾದ್ರೂ ಸಿಕ್ರೆ ಹೇಳು."

ಜಿಲ್ಲಾ ಜೈಲು! ಅಲ್ಲಿ ಮೂವರ ಜಾಗದಲ್ಲಿ ಮೂವತ್ತು ಜನ. ಒಬ್ಬ ಕೆಮ್ಮಿದರೆ ಇಡೀ ಸಾಲು ತೂಗಾಡುತ್ತಿತ್ತು. ಒಳಗೆ ಕಾಲಲ್ಲಿ ಹೋದವರು ಹೊರಗೆ ಪೆಟ್ಟಿಗೆಯಲ್ಲಿ ಬರುತ್ತಿದ್ದರು. ಅರವತ್ತೆಂಟರ ಮುದುಕನಿಗೆ ಅಲ್ಲಿ ನ್ಯಾಯಾಧೀಶರ ಅಗತ್ಯವೇ ಬೀಳುತ್ತಿರಲಿಲ್ಲ.

* * *

ಠಾಣೆಯ ಲಾಕಪ್ಪಿನಲ್ಲಿ ನೋಂಗ್ ತಿಮೊ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ತುಟಿ ಬದನೆಕಾಯಿಯಾಗಿತ್ತು.

"ನೋಂಗ್, ಆ ಕಮೆಂಟ್ ನೀವೇ ಹಾಕಿದ್ದಾ?"

"ಹೂಂ ಮ್ಯಾಮ್. ಇನ್ನೂ ಕೆಟ್ಟದಾಗಿ ಬೈಬೇಕಿತ್ತು. ಟೈಪ್ ಮಾಡೋಕೆ ಬರ್ಲಿಲ್ಲ."

"ಒಡೆಸ್ಸಾ ಮೇಲೆ ಸಿಟ್ಟಿತ್ತಾ?"

"ಇತ್ತು. ಗುರುವಾರ ಹೋಯ್ತು. ಆಯಮ್ಮ ಮನೆಗೆ ಬಂದಿದ್ಲು. ಮಗು ಫೋಟೋ ಮುಂದೆ ಮಂಡಿ ಊರಿ ಅತ್ಲು. 'ಚಿತ್ರ ಹಾಕಿದ್ದು ನಾನಲ್ಲ ನೋಂಗ್, ಬೇಡ ಅಂತ ಗಟ್ಟಿಯಾಗಿ ಹೇಳ್ಲಿಲ್ಲ, ಅದೇ ನನ್ನ ಪಾಪ' ಅಂದ್ಲು. ಸೋಮವಾರ ಪೇಜಲ್ಲಿ ಎಲ್ಲ ಬರೀತೀನಿ, ಯಾರು ಹಾಕಿದ್ದು ಅಂತ ಹೆಸರೂ ಹಾಕ್ತೀನಿ ಅಂದ್ಲು."

"ಇದನ್ನ ಮೇಜರ್‌ಗೆ ಹೇಳಿದ್ರಾ?"

"ಹೇಳ್ದೆ. ಒಂದು ಹಲ್ಲು ಕಮ್ಮಿ ಆಯ್ತು."

ಕ್ಲಿಯೋಫೆ ನೀರಿನ ಬಾಟಲಿಯನ್ನು ಕಂಬಿಯೊಳಗೆ ತೂರಿಸಿದಳು. "ಶುಕ್ರವಾರ ಸಂಜೆ ಎಲ್ಲಿದ್ರಿ?"

"ಮನೇಲಿ. ಕ್ಲೇರ್‌ಲಿನ್‌ಗೆ ಒಂಬತ್ತನೇ ದಿನದ ಪ್ರಾರ್ಥನೆ. ಪಾದ್ರಿಗಳಿದ್ರು, ಬೀದಿಯೋರೆಲ್ಲ ಬೇಲಿ ಆಚೆ ನಿಂತು ಜಪ ಮಾಡಿದ್ರು." ಮುದುಕ ಬಾಯಿ ಒರೆಸಿಕೊಂಡ. ಕೈಗೆ ರಕ್ತ ಅಂಟಿತು. "ಬಿಡಿ ಮ್ಯಾಮ್, ಶುಕ್ರವಾರ ಯಾರಿಗೆ ಬೇಕು? ಅವಳು ಸತ್ತಿದ್ದು ಶನಿವಾರ ಅಂತಲ್ಲ. ಶನಿವಾರ ನನ್ನ ಜೊತೆ ಇದ್ದಿದ್ದು ಹಲ್ಲಿ ಒಂದೇ."

* * *

ಕ್ಲಿಯೋಫೆ ಆ ಹನ್ನೊಂದು ಮಕ್ಕಳಿಗೂ ಫೋನ್ ಮಾಡಿದಳು. ಮೊದಲನೆಯವನು ಹೇಳಿದ: "ಹೌದು ಮ್ಯಾಮ್, ಉತ್ತರ ಬಂತು ಮ್ಯಾಮ್, ಯಾವಾಗಿನ ಹಾಗೇ ಮ್ಯಾಮ್." ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವನೂ ಅದನ್ನೇ. ಚರ್ಚಿನ ಹುಡುಗರು ಜಪ ಒಪ್ಪಿಸುವುದೂ ಇಷ್ಟು ಒಂದೇ ಸಮ ಇರುವುದಿಲ್ಲ. ಅವಳ ಮೂಗು ಕಡಿಯತೊಡಗಿತು. ಮಕ್ಕಳು ಏನನ್ನೋ ಮುಚ್ಚುತ್ತಿದ್ದರು. ಲೈಬ್ರರಿಯನ್‌ಗೂ ಮಕ್ಕಳಿಗೂ ಜಗಳವೇ? ಇವರಲ್ಲೇ ಯಾರಾದರೂ ಕತ್ತು ಹಿಸುಕಿದರೇ?

ಒಬ್ಬಳು ಮಾತ್ರ ಮಾತಿನ ನಡುವೆ ಬಿಕ್ಕಿದಳು. ಹೆಸರು ಜೊವಿಲಿನ್. ನರ್ಸಿಂಗ್ ಓದುತ್ತಿದ್ದಳು. ಊರು ಗುಡ್ಡದ ಮೇಲೆ.

ಸೋಮವಾರ ಬೆಳಿಗ್ಗೆ ಕ್ಲಿಯೋಫೆ ಗುಡ್ಡ ಹತ್ತಿದಳು. ದಾರಿಯಲ್ಲಿ ಲೆಕ್ಕವಿಲ್ಲದಷ್ಟು ತಡೆಗಳು. ಪ್ರತಿ ತಡೆಯಲ್ಲೂ ಹಣೆಗೊಂದು ಥರ್ಮಾಮೀಟರ್ ಗನ್ನು. ಊರು ಮುಟ್ಟುವ ಹೊತ್ತಿಗೆ ಅವಳ ಹಣೆ ತಾನಾಗಿಯೇ ಮುಂದೆ ಬಾಗುತ್ತಿತ್ತು.

ಹುಡುಗಿ ಹಂದಿ ಗೂಡಿನ ಸೂರಿನ ಮೇಲೆ ಕೂತಿದ್ದಳು. ಆ ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ.

"ಕೆಳಗಿಳಿ, ದಾಯ್," ಎಂದಳು ಕ್ಲಿಯೋಫೆ, ಮಗಳನ್ನು ಕರೆಯುವ ಹಾಗೆ.

"ಇಳಿದ್ರೆ ಕ್ಲಾಸ್ ಕಟ್ ಆಗುತ್ತೆ ಮ್ಯಾಮ್."

ಬೊಹೊಲ್‌ನ ಪೊಲೀಸರು ಯಾವುದಕ್ಕೂ ಹಿಂಜರಿಯುವವರಲ್ಲ. ಕ್ಲಿಯೋಫೆ ತಾನೇ ಸೂರು ಹತ್ತಿದಳು. ಕೆಳಗೆ ಹಂದಿ ಗುರುಗುಟ್ಟಿತು.

"ನಿನ್ನೆ ಫೋನಲ್ಲಿ ಯಾಕೆ ಅಳ್ತಿದ್ದೆ?"

ಹುಡುಗಿ ಮೊಣಕಾಲಿಗೆ ಮುಖ ಒತ್ತಿದಳು. "ಮ್ಯಾಮ್ ಒಡೆಸ್ಸಾ ನನ್ನ ಮೇಲೆ ಸಿಟ್ಟು ಮಾಡ್ಕೊಂಡೇ ಸತ್ತೋದ್ರು."

"ಬೈದ್ರಾ?"

"ಇಲ್ಲ. ಪುಸ್ತಕ ಕೊಡ್ಲಿಲ್ಲ."

ಫೋನ್ ತೋರಿಸಿದಳು. ಶನಿವಾರದ ಉತ್ತರ ಅಲ್ಲಿತ್ತು: 'ನಿಯಮದ ಪ್ರಕಾರ ಮೊದಲ ಅಧ್ಯಾಯ ಮಾತ್ರ ಕಳಿಸಿದ್ದೇನೆ. ಕೈ ತೊಳೆಯಿರಿ.' ಕೊನೆಗೊಂದು ಸೂರ್ಯಕಾಂತಿ ಹೂವು.

"ಕೊಟ್ಟಿದಾರಲ್ಲ?"

"ಅದು ಅಧ್ಯಾಯ. ಪುಸ್ತಕ ಅಲ್ಲ." ಹುಡುಗಿ ಸುತ್ತಲೂ ನೋಡಿದಳು, ಹಂದಿಯನ್ನೂ ಬಿಡಲಿಲ್ಲ. "ಹೇಳಿದ್ರೆ ಎಲ್ರ ಡಿಗ್ರೀನೂ ಹೋಗುತ್ತೆ ಮ್ಯಾಮ್."

"ಹೇಳದಿದ್ರೆ ನೋಂಗ್ ತಿಮೊ ಹೋಗ್ತಾನೆ. ಇವತ್ತು ಸಂಜೆ."

ಹುಡುಗಿ ಕಣ್ಣೊರೆಸಿಕೊಂಡಳು. "ಪೇಜಿಂದ ಒಂದು ಅಧ್ಯಾಯ ಬರುತ್ತೆ. ಡೈರೆಕ್ಟರ್ ಹಾಕಿರೋ ನಿಯಮ ಅದು. ಆಮೇಲೆ ಅರ್ಧ ಗಂಟೆ ಒಳಗೆ ಇನ್ನೊಂದು ಅಕೌಂಟಿಂದ ಉಳಿದಿದ್ದೆಲ್ಲ ಬರುತ್ತೆ. ಅದರ ಹೆಸರು ಕಲಾಮಾಯ್ ಅಜ್ಜಿ."

ಕಲಾಮಾಯ್ ಅಂದರೆ ತೆಂಗಿನ ಚಿಪ್ಪಿನಲ್ಲಿ ತುಂಬಿ ಮಾರುವ ಅಂಟಂಟು ಸಿಹಿ. ಅಕೌಂಟಿನ ಚಿತ್ರವೂ ಅದೇ, ಕೆಂಪು ಕಾಗದ ಅಂಟಿಸಿದ ಚಿಪ್ಪು.

"ಅಜ್ಜಿ ಒಡೆಸ್ಸಾನಾ?"

"ಇನ್ಯಾರು? ಪೂರ್ತಿ ಪುಸ್ತಕ, ಒಂದೊಂದು ಹಾಳೆನೂ ಫೋಟೋ ತೆಗೆದು. ಪುಸ್ತಕ ಕೊಳ್ಳೋಕೆ ನಮಗೆಲ್ಲಿಂದ ಬರ್ಬೇಕು? ಶನಿವಾರ ಮಧ್ಯಾಹ್ನದವರೆಗೂ ಕಾದೆ. ಅಜ್ಜಿ ಬರ್ಲೇ ಇಲ್ಲ. ನಾನು ಹೋದ ವಾರ ಥ್ಯಾಂಕ್ಸ್ ಹೇಳೋಕೆ ಮರೆತಿದ್ದೆ, ಅದಕ್ಕೇ..."

"ಇದು ಯಾರ್ ಯಾರಿಗೆ ಗೊತ್ತು?"

"ಎಲ್ರಿಗೂ."

"ಎಲ್ರಿಗೂ ಅಂದ್ರೆ?"

"ಇಡೀ ಯೂನಿವರ್ಸಿಟಿಗೆ."

"ಡೈರೆಕ್ಟರ್‌ಗೆ?"

"ಅಯ್ಯೋ ದೇವ್ರೇ! ಅವರೊಬ್ರಿಗೆ ಬಿಟ್ಟು."

ಹುಡುಗರು ಪ್ರೇಮವನ್ನು ಮೂರು ದಿನ ಮುಚ್ಚಿಡಲಾರರು. ಪರೀಕ್ಷೆಯ ವಿಷಯ ಬಂದರೆ ಮಾತ್ರ ಸಾವಿರಾರು ಜನ ಸೇರಿ ವರ್ಷಗಟ್ಟಲೆ ಬಾಯಿ ಹೊಲಿದುಕೊಂಡಿರಬಲ್ಲರು. ಕ್ಲಿಯೋಫೆ ಸೂರಿನ ಮೇಲಿಂದಲೇ ಉಳಿದ ಹತ್ತು ಮಂದಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: "ಶನಿವಾರ ಅಜ್ಜಿ ಬಂದಿದ್ಲಾ?"

ಹತ್ತು ಮಂದಿಯೂ ಮೊದಲು 'ಯಾವ ಅಜ್ಜಿ?' ಎಂದರು. ಆಮೇಲೆ ಹತ್ತು ಕಡೆಯೂ "ಇಲ್ಲ."

ಹುಡುಗಿ ಮೆಲ್ಲಗೆ ಕೇಳಿದಳು: "ಮ್ಯಾಮ್‌ಗೆ ಸಿಟ್ಟು ಬಂದಿತ್ತಾ?"

"ಇಲ್ಲ ದಾಯ್. ನೀನು ಪುಸ್ತಕ ಕೇಳೋ ಹೊತ್ತಿಗೆ ಅವರು ಸತ್ತಾಗಿತ್ತು."

ಆ ಮಾತಿಗೆ ಹುಡುಗಿಯ ಮುಖ ಒಂದು ಕ್ಷಣ ಅರಳಿತು. ಅರಳಿದ್ದಕ್ಕೆ ನಾಚಿ ಮತ್ತೆ ಅತ್ತಳು.

* * *

ಮಧ್ಯಾಹ್ನ ಪೇಜಿನಲ್ಲಿ ಶ್ರದ್ಧಾಂಜಲಿಯ ಲೈವ್. ಡಾ. ಪಾಲ್ಮೆರೋಲಾ ಬಿಳಿ ಹೂಗಳ ನಡುವೆ ಕೂತಿದ್ದ. ಒಡೆಸ್ಸಾಳ ಫೋಟೋಗಿಂತ ಅವನ ಮುಖಕ್ಕೇ ಬೆಳಕು ಹೆಚ್ಚು ಬೀಳುವಂತೆ ದೀಪ ಇಟ್ಟಿದ್ದರು. ನೋಡುವವರು ಇಪ್ಪತ್ತು ಸಾವಿರ ದಾಟಿದ್ದರು. ಬಾಗಿಲ ಬಳಿ ಮೇಜರ್ ಹೂಗುಚ್ಛ ಹಿಡಿದು ತನ್ನ ಸರದಿಗೆ ಕಾಯುತ್ತಿದ್ದ.

ಕ್ಲಿಯೋಫೆ ನಿರ್ದೇಶಕನ ಪಕ್ಕದ ಕುರ್ಚಿಯಲ್ಲಿ ಕೂತಳು. "ಸರ್, ಮಕ್ಕಳ ಪರವಾಗಿ ಒಂದು ಮಾತು. ಮ್ಯಾಮ್ ಒಡೆಸ್ಸಾ ಅವರಿಗೆ ಎಷ್ಟೆಷ್ಟು ಕಳಿಸ್ತಿದ್ರು?"

"ಒಂದು ಪುಸ್ತಕಕ್ಕೆ ಒಂದು ಅಧ್ಯಾಯ. ನಿಯಮ ಅಂದ್ರೆ ನಿಯಮ. ಮಹಾಮಾರಿ ಬಂದ್ರೂ ಅಷ್ಟೇ, ಪ್ರಳಯ ಬಂದ್ರೂ ಅಷ್ಟೇ. ಅವಳೂ ಅದನ್ನ ಒಂದು ದಿನ ಮುರೀಲಿಲ್ಲ."

"ಮುರೀತಿದ್ರು. ಪೂರ್ತಿ ಪುಸ್ತಕ ಕೊಡ್ತಿದ್ರು."

ಅವನು ನಕ್ಕ. "ಯಾರೋ ನಿಮಗೆ ಕತೆ ಕಟ್ಟಿದಾರೆ. ಅವಳ ಒಂದೊಂದು ಮೆಸೇಜೂ ನಾನು ಓದಿದೀನಿ. ಒಂದು ಅಧ್ಯಾಯ, ಕೈ ತೊಳೆಯಿರಿ, ಒಂದು ಹೂವು. ಅಷ್ಟೇ."

"ಮಕ್ಕಳ ಮೆಸೇಜ್ ಕಡೆ ತಲೆನೂ ಹಾಕಲ್ಲ ಅಂದಿದ್ರಿ. ಯಾವಾಗ ಓದಿದ್ರಿ, ಸರ್?"

ಅವನ ನಗು ಮಾಸ್ಕಿನೊಳಗೇ ಎಲ್ಲೋ ಬಿದ್ದುಹೋಯಿತು.

ಕ್ಲಿಯೋಫೆ ಕ್ಯಾಮೆರಾ ಕಡೆ ತಿರುಗಿದಳು. "ಮಕ್ಕಳೇ, ಇನ್ನು ಹೆದರಬೇಡಿ. ಕಲಾಮಾಯ್ ಅಜ್ಜಿ ಯಾರ್ ಯಾರಿಗೆ ಪುಸ್ತಕ ಕೊಟ್ಟಿದ್ದಾಳೆ?"

ಮೊದಲ ಕಮೆಂಟು ಗುಡ್ಡದ ಹುಡುಗಿಯದು: 'ನನಗೆ. ಅಂಗರಚನೆ, ಪೂರ್ತಿ.' ಆಮೇಲೆ ಅಣೆಕಟ್ಟು ಒಡೆಯಿತು. 'ನನಗೆ, ಕಾನೂನು.' 'ನನಗೆ, ಮೂರು ಪುಸ್ತಕ.' 'ನಮ್ಮ ಇಡೀ ಕ್ಲಾಸಿಗೆ.' ಕಮೆಂಟುಗಳು ಓದಲಾಗದ ವೇಗದಲ್ಲಿ ಮೇಲೇರಿದವು. ಸಿಗ್ನಲ್ ಟವರೇ ಬಿಸಿಯಾಗಿ ಅದರ ಮೇಲಿದ್ದ ಕಾಗೆಗಳು ಹಾರಿಹೋದವೆಂದು ಈಗಲೂ ಹೇಳುವವರಿದ್ದಾರೆ.

ಡಾ. ಪಾಲ್ಮೆರೋಲಾ ಪರದೆಗೆ ಮೂಗು ತಾಗಿಸಿ ಓದಿದ. ಕುತ್ತಿಗೆಯ ನರ ಉಬ್ಬಿತು. ಕೊಲೆ ಅವನ ಇಸ್ತ್ರಿ ಕೆಡಿಸಿರಲಿಲ್ಲ. ಇದು ಕೆಡಿಸಿತು.

"ಕಳ್ಳಿ! ನನ್ನ ಲೈಬ್ರರೀಲಿ ಕಳ್ಳತನ! ಇಡೀ ಪುಸ್ತಕ! ಇದು ಗೊತ್ತಿದ್ದಿದ್ರೆ ನಾನೂ..."

ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ನೀವೂ ಇಡೀ ಪುಸ್ತಕ ಕಳಿಸ್ತಿದ್ರಿ," ಎಂದಳು ಕ್ಲಿಯೋಫೆ. "ಅಲ್ವಾ ಸರ್? ಶನಿವಾರ ಬೆಳಗ್ಗೆ, ಕುಲಪತಿಗಳ ಮನೇಲಿ ಕೂತು, ಅದೇ ಲ್ಯಾಪ್‌ಟಾಪಿಂದ. ಅವಳ ಹಳೇ ಮೆಸೇಜೆಲ್ಲ ಓದಿ, ಅವಳು ಹಿಂದೆ ಕಳಿಸಿದ್ದ ಹಾಳೆಗಳನ್ನೇ ಮತ್ತೆ ಕಳಿಸಿ, ಅವಳ ಮಾತು, ಅವಳ ಹೂವು, ಎಲ್ಲ ಹಾಗೇ ಬರೆದ್ರಿ. ಅವಳು ಬದುಕಿದಾಳೆ ಅಂತ ಊರು ನಂಬಬೇಕಿತ್ತು. ಆದ್ರೆ ಒಡೆಸ್ಸಾ ಬದುಕಿದ್ರೆ ಅರ್ಧ ಗಂಟೇಲಿ ಅಜ್ಜಿ ಬರ್ತಿದ್ಲು. ಹನ್ನೊಂದು ಮಕ್ಕಳಲ್ಲಿ ಒಬ್ಬರಿಗೂ ಬರ್ಲಿಲ್ಲ. ಹಾಗಾದ್ರೆ ಬರೆದೋರು ಯಾರು? ಪೇಜ್ ಇದ್ದಿದ್ದು ಇಬ್ಬರ ಕೈಲಿ. ಇಡೀ ಯೂನಿವರ್ಸಿಟೀಲಿ ಅಜ್ಜಿ ವಿಷಯ ಗೊತ್ತಿಲ್ಲದೋರು ಒಬ್ಬರೇ."

ಮೇಜರನ ಹೂಗುಚ್ಛ ಕೆಳಗಿಳಿಯಿತು.

"ಶನಿವಾರ ಬಿದ್ದುಹೋದ್ರೆ ಉಳಿಯೋದು ಶುಕ್ರವಾರ. ಶುಕ್ರವಾರ ಸಂಜೆ ನೋಂಗ್ ತಿಮೊ ಮೊಮ್ಮಗಳ ಪ್ರಾರ್ಥನೇಲಿದ್ದ, ಬೀದಿಯೆಲ್ಲ ಸಾಕ್ಷಿ. ಲೈಬ್ರರೀಲಿ ಅವಳ ಜೊತೆ ಇದ್ದಿದ್ದು ನಾವಿಬ್ಬರೇ ಅಂತ ನಿನ್ನೆ ನೀವೇ ಹೇಳಿದ್ರಿ. ಹಬೆ ಚಿತ್ರ ಹಾಕಿದ್ದೂ ನೀವೇ, ಮೇಲಿನ ಪೋಸ್ಟ್ ಎಲ್ಲ ನಿಮ್ಮದು ತಾನೆ? ಸೋಮವಾರ ಆ ಹೆಸರು ಅವಳು ಬರೆಯೋಳಿದ್ಲು."

"ಅರವತ್ತು ಸಾವಿರ ಜನ ಹಂಚಿಕೊಂಡ್ರು!" ಅವನು ಎದ್ದು ನಿಂತ. ಹೂಕುಂಡ ಉರುಳಿತು. "ಯಾವ ಲೈಬ್ರರಿಗೆ ಸಿಕ್ಕಿದೆ ಇಷ್ಟು? ಮುಂದಿನ ತಿಂಗಳು ನಾನು ಉಪಕುಲಪತಿ ಆಗೋನು. ಕೈಮುಗಿದು ಕೇಳ್ದೆ, ಸುಮ್ಮನಿರು ಅಂತ. ಒಬ್ಬ ಕಾವಲುಗಾರನ ಮೊಮ್ಮಗಳಿಗೋಸ್ಕರ ಅದನ್ನೆಲ್ಲ ಅಳಿಸಬೇಕಿತ್ತಾ?"

ಪರದೆಯ ಮೇಲೆ ಕಮೆಂಟುಗಳು ನಿಂತವು.

ಮೇಜರ್ ಹೂಗುಚ್ಛವನ್ನು ಮೇಜಿನ ಮೇಲಿಟ್ಟು ಕೈಕೋಳ ತೆಗೆದ.

"ನೋಂಗ್ ತಿಮೊ?" ಎಂದಳು ಕ್ಲಿಯೋಫೆ.

ಮೇಜರ್ ಅವಳ ಕಣ್ಣು ತಪ್ಪಿಸಿದ. "ವ್ಯಾನ್... ಸಂಜೆ ಮಳೆ ಬರೋ ಹಾಗಿತ್ತು. ಮೊದಲೇ ಕಳಿಸಿಬಿಟ್ಟೆ."

* * *

ಕ್ಲಿಯೋಫೆ ಲೈವ್ ಓಡುತ್ತಿದ್ದ ಫೋನನ್ನು ಹಾಗೇ ಕಿತ್ತುಕೊಂಡು ಓಡಿದಳು. ಜೀಪು ಓಡಲಿಲ್ಲ, ಹಾರಿತು. ತಡೆಗಳಲ್ಲಿ ಗನ್ನು ಹಿಡಿದವರು ಗಾಳಿಯ ಜ್ವರ ಅಳೆದರು.

ಜೈಲಿನ ಗೇಟು ಮುಚ್ಚಿತ್ತು. ಜೈಲರು ಕಿಂಡಿಯಿಂದ ಮುಖ ತೋರಿಸಿದ.

"ಈಗಷ್ಟೇ ಒಳಗೆ ಬಂದ. ಬಂದೋನು ಹದಿನಾಲ್ಕು ದಿನ ಹೊರಗೆ ಹೋಗೋ ಹಾಗಿಲ್ಲ."

"ಅವನು ನಿರಪರಾಧಿ."

"ವೈರಸ್ಸಿಗೆ ಅದೆಲ್ಲ ಗೊತ್ತಾಗಲ್ಲ, ಸಾರ್ಜೆಂಟ್. ಆರ್ಡರ್ ತನ್ನಿ. ಕೋರ್ಟು ಮುಚ್ಚಿದೆ, ತೆರೆದ ಮೇಲೆ ತನ್ನಿ."

ಕ್ಲಿಯೋಫೆ ವಾದ ಮಾಡಲಿಲ್ಲ. ಫೋನನ್ನು ಕಿಂಡಿಯ ಮಟ್ಟಕ್ಕೆ ಎತ್ತಿದಳು. "ಸ್ವಲ್ಪ ಗಟ್ಟಿಯಾಗಿ ಹೇಳಿ ಸರ್. ನಲವತ್ತು ಸಾವಿರ ಜನ ಕೇಳ್ತಿದಾರೆ. ನಿಮ್ಮ ಹೆಸರೇನು ಅಂತ ಕೇಳ್ತಿದಾರೆ. ನಿಮ್ಮ ಹೆಂಡತಿ ಹೆಸರು ಯಾರೋ ಆಗಲೇ ಹಾಕಿಬಿಟ್ರು."

ಜೈಲರು ಪರದೆ ನೋಡಿದ. ತಲೆಗೂದಲು ಸರಿಮಾಡಿಕೊಂಡ. ಬೀಗ ತೆರೆದ. ಲೋಕದ ಯಾವ ಕೋರ್ಟೂ ಅಷ್ಟು ಬೇಗ ಜಾಮೀನು ಕೊಟ್ಟಿಲ್ಲ.

ನೋಂಗ್ ತಿಮೊ ಹೊರಗೆ ಬಂದ. ಒಳ ಅಂಗಳದವರೆಗೆ ಮಾತ್ರ ಹೋಗಿದ್ದನಂತೆ. ಕಾಲಿಗೆ ಒಂದೇ ಚಪ್ಪಲಿ. ಬೆಳಕಿಗೆ ಕಣ್ಣು ಕಿರಿದಾಗಿಸಿ ನಿಂತ. ಪರದೆಯ ತುಂಬ ಕೆಂಪು ಹೃದಯಗಳು ಹಾರಿದವು.

ಆಮೇಲೆ ಅವನು ಕೆಮ್ಮಿದ. ಒಂದೇ ಸಲ.

'ಮಾಸ್ಕ್ ಎಲ್ಲಿ?' ಎಂದಿತು ಒಂದು ಕಮೆಂಟು. 'ಜೈಲಿಂದ ಬಂದವನು, ದೂರ ನಿಲ್ಲಿಸಿ.' 'ಇವನ ಮನೆ ನಮ್ಮ ಬೀದಿ. ದಯವಿಟ್ಟು ಇಲ್ಲಿಗೆ ಕರೆತರಬೇಡಿ.' 'ನಾವು ಬೇಲಿ ಹಾಕುತ್ತಿದ್ದೇವೆ.' ನಿನ್ನೆ ಅವನನ್ನು ಗಲ್ಲಿಗೇರಿಸಿ ಎಂದವರೂ ಅದರಲ್ಲಿದ್ದರು. ಶುಕ್ರವಾರ ಬೇಲಿಯಾಚೆ ನಿಂತು ಜಪ ಮಾಡಿದವರೂ ಇದ್ದರು. ಅವನು ನಿರಪರಾಧಿ ಎಂದು ಎಲ್ಲರೂ ಒಪ್ಪಿದ್ದರು. ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ.

ಮುದುಕ ಪರದೆಯನ್ನು ನಿಧಾನವಾಗಿ ಓದಿದ. ತುಟಿ ಅಲುಗುತ್ತಿತ್ತು.

"ಅದನ್ನ ಆರಿಸಿ, ಮ್ಯಾಮ್."

ಅವಳು ಆರಿಸಿದಳು. ನಲವತ್ತು ಸಾವಿರ ಜನ ಒಟ್ಟಿಗೆ ಮಾಯವಾದರು. ರಸ್ತೆಯಲ್ಲಿ ಇಬ್ಬರೇ ಉಳಿದರು. ಮಳೆ ಶುರುವಾಯಿತು.

ಕ್ಲಿಯೋಫೆ ಜೀಪಿನ ಮುಂದಿನ ಬಾಗಿಲು ತೆರೆದು ಹಿಡಿದಳು. "ನಮ್ಮ ಮನೇಲಿ ಒಂದು ಕೋಣೆ ಖಾಲಿ ಇದೆ, ನೋಂಗ್. ಹತ್ತಿ."

ಅವನು ಆ ಬಾಗಿಲನ್ನು ನೋಡಿದ. ಆಮೇಲೆ ತಾನೇ ಹಿಂದೆ ಹೋಗಿ, ಕೈದಿಗಳನ್ನು ಕೂರಿಸುವ ಬೆಂಚಿನ ಮೇಲೆ ಮುದುಡಿ ಕೂತ.

"ಇಲ್ಲೇ ಇರ್ತೀನಿ ಮ್ಯಾಮ್. ಮುಂದೆ ಕೂತ್ರೆ ಜನ ನೋಡ್ತಾರೆ."